ಒಂದು ಅಗುಳೂ ತಿನ್ನದಿದ್ದರೂ ಬಾಯಿ ಯಾಕೆ ನಾರುತ್ತದೆ? ಜೊಲ್ಲಿನ ಸಕ್ಕರೆಯ ಕಥೆ, ಮಾಡಬೇಕಾದ ಕೆಲಸ

ಶ್ರಾವಣ ಸೋಮವಾರ ನಮ್ಮ ಅವ್ವ ಸಂಜೆ ಪೂಜೆ ಆಗುವವರೆಗೆ ಏನೂ ತಿನ್ನುವುದಿಲ್ಲ. ಹೋದ ವರ್ಷ ಅಂಥದ್ದೇ ಒಂದು ಸಂಜೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ಬಂದು ಕೇಳಿದಳು: "ಅಲ್ಲಪ್ಪ, ಬೆಳಗ್ಗೆ ಹಲ್ಲು ತಿಕ್ಕೀನಿ. ಆಮೇಲೆ ಒಂದು ಅಗುಳು ಬಾಯಿಗೆ ಹಾಕಿಲ್ಲ. ಆದ್ರೂ ಬಾಯಿ ಯಾಕೆ ಹಿಂಗೆ ನಾರ್ತೈತಿ? ಒಳಗೆ ಕೊಳೆಯಾಕೆ ಏನೈತಿ?"

ನಾನು ದಾವಣಗೆರೆಯಲ್ಲಿ ಪಿಯುಸಿ ಮಕ್ಕಳಿಗೆ ಬಯಾಲಜಿ ಹೇಳುವವನು. "ನಿನ್ನ ಜೊಲ್ಲೇ ಐತಲ್ಲ" ಅಂದೆ. ಅವ್ವ ನಂಬಲಿಲ್ಲ. ಆದರೆ ಅದೇ ನಿಜ. ನಾವು ಊಟ ಹಾಕದ ದಿನ ಬಾಯಿಯ ಬ್ಯಾಕ್ಟೀರಿಯಾ ಉಪವಾಸ ಇರುವುದಿಲ್ಲ. ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡಿರುವ ಸಕ್ಕರೆಯನ್ನು ಒಂದೊಂದಾಗಿ ಕತ್ತರಿಸಿ ತಿನ್ನುತ್ತವೆ. ಸಕ್ಕರೆ ಹೋದ ಮೇಲೆ ಉಳಿದ ಪ್ರೋಟೀನಿಗೆ ಬೇರೆ ಬ್ಯಾಕ್ಟೀರಿಯಾ ಬಾಯಿ ಹಾಕುತ್ತವೆ. ನಾತ ಹುಟ್ಟುವುದು ಆಗ. ಈ ಕೆಲಸಕ್ಕೆ ಒಂದು ಸರದಿ ಇದೆ. ಸರದಿ ಗೊತ್ತಾದರೆ ಎಲ್ಲಿ ಕೈ ಹಾಕಬೇಕು ಅನ್ನುವುದೂ ಗೊತ್ತಾಗುತ್ತದೆ.

ಮೊದಲು ಬೆರಳಲ್ಲಿ ಎಳೆದು ನೋಡಿ

ಬೆಳಗ್ಗೆ ಎದ್ದು ಬಾಯಿ ಮುಕ್ಕಳಿಸಿ. ಐದು ನಿಮಿಷ ಬಿಟ್ಟು ನಾಲಿಗೆಯ ಕೆಳಗೆ ಸೇರಿದ ಜೊಲ್ಲನ್ನು ಒಂದು ಹನಿ ಬೆರಳಿಗೆ ತೆಗೆದುಕೊಳ್ಳಿ. ಹೆಬ್ಬೆರಳು, ತೋರುಬೆರಳು ಸೇರಿಸಿ ನಿಧಾನವಾಗಿ ಬಿಡಿಸಿ. ತೆಳ್ಳನೆ ಎಳೆ ಬರುತ್ತದೆ, ಬೆಲ್ಲದ ಪಾಕ ನೋಡಿದ ಹಾಗೆ. ಆಮೇಲೆ ನಿಂಬೆಹಣ್ಣು ನೆನೆಸಿಕೊಳ್ಳಿ. ಕೆನ್ನೆಯ ಕಡೆಯಿಂದ ನೀರಿನಂಥ ಜೊಲ್ಲು ಬರುತ್ತದಲ್ಲ, ಅದನ್ನೂ ಹೀಗೇ ಎಳೆಯಿರಿ. ಎಳೆ ನಿಲ್ಲುವುದಿಲ್ಲ.

ಕಿವಿಯ ಮುಂದಿನ ಗ್ರಂಥಿಯ ಜೊಲ್ಲು ನೀರು ನೀರು. ದವಡೆಯ ಕೆಳಗಿನ, ನಾಲಿಗೆಯ ಕೆಳಗಿನ ಗ್ರಂಥಿಗಳದ್ದು ಲೋಳೆ. ಆ ಲೋಳೆ ಕೊಡುವುದು ಮ್ಯೂಸಿನ್ ಎಂಬ ಪ್ರೋಟೀನು. ಜೊಲ್ಲಿನಲ್ಲಿ ಶೇ. 99ರಷ್ಟು ನೀರೇ. ಉಳಿದ ಚೂರಿನಲ್ಲಿ ಈ ಮ್ಯೂಸಿನ್ ಇರುತ್ತದೆ. ಅದರ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಸಕ್ಕರೆ. ಅಂದರೆ ಪ್ರೋಟೀನು ಅನ್ನುವ ಹೆಸರು ಅದಕ್ಕೆ ಸ್ವಲ್ಪ ಜಾಸ್ತಿಯೇ ಆಯಿತು.

ಸಕ್ಕರೆ ಅಂದರೆ ಟೀಗೆ ಹಾಕುವ ಸಕ್ಕರೆ ಅಲ್ಲ. ಗ್ಯಾಲಕ್ಟೋಸ್, ಫ್ಯೂಕೋಸ್, ಗ್ಲೂಕೋಸಿನ ದಾಯಾದಿಗಳು ಕೆಲವು. ನಾಲಿಗೆಗೆ ಸಿಹಿ ಗೊತ್ತಾಗುವುದಿಲ್ಲ, ಯಾಕೆಂದರೆ ಎಲ್ಲವೂ ಸರಪಳಿಯಾಗಿ ಪ್ರೋಟೀನಿಗೆ ಗಟ್ಟಿಯಾಗಿ ಹೊಲಿದುಕೊಂಡಿವೆ.

ಒಂದು ಮೆಕ್ಕೆಜೋಳದ ತೆನೆ ನೆನೆಸಿಕೊಳ್ಳಿ. ನಮ್ಮ ಕಡೆ ಅದಕ್ಕೇನು ಬರ? ಒಳಗಿನ ಬೆಂಡು ಪ್ರೋಟೀನು. ಮೇಲಿನ ಕಾಳು ಸಕ್ಕರೆ. ಹೊರಗಿನ ಸಿಪ್ಪೆ ಸಯಾಲಿಕ್ ಆಮ್ಲ. ಇದೂ ಒಂದು ಥರದ ಸಕ್ಕರೆಯೇ, ಎಷ್ಟೋ ಸರಪಳಿಗಳ ತುದಿಯಲ್ಲಿ ಕೂತಿರುತ್ತದೆ. 1936ರಲ್ಲಿ ಸ್ವೀಡನ್ನಿನ ಗುನ್ನಾರ್ ಬ್ಲಿಕ್ಸ್ ಇದನ್ನು ಬೇರ್ಪಡಿಸಿದ್ದು ದನದ ಜೊಲ್ಲಿನ ಗ್ರಂಥಿಯಿಂದಲೇ. ಹೆಸರೂ ಜೊಲ್ಲಿಗೆ ಇರುವ ಗ್ರೀಕ್ ಮಾತಿನಿಂದ ಬಂದದ್ದು. ಇದರ ಮೇಲೆ ಋಣ ವಿದ್ಯುತ್ತಿನ ಅಂಶ ಇರುತ್ತದೆ. ಹಾಗಾಗಿ ಪಕ್ಕಪಕ್ಕದ ಸರಪಳಿಗಳು ಒಂದನ್ನೊಂದು ತಳ್ಳುತ್ತಾ ಉದ್ದಕ್ಕೆ ಚಾಚಿಕೊಂಡು ನಿಲ್ಲುತ್ತವೆ, ನೀರು ಹಿಡಿದುಕೊಳ್ಳುತ್ತವೆ. ಬೆರಳಿನ ನಡುವೆ ಎಳೆ ನಿಲ್ಲುವುದಕ್ಕೆ ಇದೂ ಒಂದು ಕಾರಣ.

ಈಗ ಸರದಿ. ತೆನೆಯ ಸಿಪ್ಪೆ ಬಿಡಿಸದೆ ಕಾಳು ಉದುರಿಸಲು ಆಗುವುದಿಲ್ಲ, ಅಲ್ವಾ? ಬ್ಯಾಕ್ಟೀರಿಯಾದ ಕತ್ತರಿ ಅಂದರೆ ಅದರ ಕಿಣ್ವ (ಎಂಜೈಮ್). ಮೊದಲು ಸಯಾಲಿಡೇಸ್ ಎಂಬ ಕತ್ತರಿ ತುದಿಯ ಸಯಾಲಿಕ್ ಆಮ್ಲವನ್ನು ಕತ್ತರಿಸುತ್ತದೆ. ಆಗ ಕೆಳಗಿನ ಗ್ಯಾಲಕ್ಟೋಸ್ ಹೊರಗೆ ಕಾಣುತ್ತದೆ. ಅದಕ್ಕೆ ಇನ್ನೊಂದು ಕತ್ತರಿ. ಅದರ ಕೆಳಗಿನದಕ್ಕೆ ಮತ್ತೊಂದು. ಸ್ಟ್ರೆಪ್ಟೊಕಾಕಸ್ ಒರಾಲಿಸ್ ಎಂಬ ಬ್ಯಾಕ್ಟೀರಿಯಾದ ಹತ್ತಿರ ಇಂಥ ಕತ್ತರಿಗಳು ಹಲವು ಇವೆ. ಬೇರೆ ಎಷ್ಟೋ ಬ್ಯಾಕ್ಟೀರಿಯಾದ ಹತ್ತಿರ ಒಂದೋ ಎರಡೋ ಮಾತ್ರ. ಒಂದು ಕತ್ತರಿಸಿದ್ದನ್ನು ಇನ್ನೊಂದು ತಿನ್ನುತ್ತದೆ, ಅದು ಬಿಟ್ಟಿದ್ದನ್ನು ಮತ್ತೊಂದು. ಯಾರೂ ಒಬ್ಬರೇ ಪೂರ್ತಿ ತೆನೆ ಬಿಡಿಸುವುದಿಲ್ಲ. ಮುಯ್ಯಾಳು ಪದ್ಧತಿ.

ಕಾಳೆಲ್ಲ ಉದುರಿದ ಮೇಲೆ ಬೆಂಡು ಬರಿದಾಗುತ್ತದೆ. ಇಷ್ಟು ಹೊತ್ತು ಸಕ್ಕರೆಯ ದಟ್ಟಣೆಯೇ ಪ್ರೋಟೀನನ್ನು ಕಾಯುತ್ತಿತ್ತು. ಈಗ ಗಾಳಿ ಬೇಡದ ಜಾತಿಯ ಬ್ಯಾಕ್ಟೀರಿಯಾಗಳ ಪಾಳಿ. ಪಾರ್ಫಿರೊಮೊನಾಸ್ ಜಿಂಜಿವಾಲಿಸ್, ಫ್ಯೂಸೊಬ್ಯಾಕ್ಟೀರಿಯಂ ಅಂಥವು. ಇವು ನಾಲಿಗೆಯ ಹಿಂಭಾಗದ ಸಂದಿಗಳಲ್ಲಿ, ಒಸಡಿನ ಕೆಳಗೆ ವಾಸ. ಪ್ರೋಟೀನನ್ನು ಅದರ ಬಿಡಿ ತುಂಡುಗಳಾದ ಅಮೈನೋ ಆಮ್ಲಗಳಾಗಿ ಒಡೆಯುತ್ತವೆ. ಅದರಲ್ಲಿ ಗಂಧಕ ಇರುವ ಎರಡು ಇವೆ, ಸಿಸ್ಟೀನ್ ಮತ್ತು ಮೆಥಿಯೊನೀನ್. ಸಿಸ್ಟೀನಿನಿಂದ ಹೈಡ್ರೋಜನ್ ಸಲ್ಫೈಡ್ ಬರುತ್ತದೆ, ಕೊಳೆತ ಮೊಟ್ಟೆಯ ವಾಸನೆ. ಮೆಥಿಯೊನೀನಿನಿಂದ ಮೀಥೈಲ್ ಮರ್‌ಕ್ಯಾಪ್ಟನ್, ಅದು ಕೊಳೆತ ಕೋಸಿನ ವಾಸನೆ. ಅವ್ವನ ಸೆರಗು ಬಾಯಿಗೆ ಅಡ್ಡ ಬಂದದ್ದು ಇವಕ್ಕೆ ಹೆದರಿ.

ಎರಡು ಬಾಟಲಿ ಇಟ್ಟು ನೋಡಿ, ಬೇಕಿದ್ದರೆ

ಇದು ಕಡ್ಡಾಯ ಏನಲ್ಲ. ಹೇಸಿಗೆ ಆಗುವವರು ಮುಂದಕ್ಕೆ ಹೋಗಿ. ಆದರೆ ನನ್ನ ವಿದ್ಯಾರ್ಥಿಗಳು ಪಾಠಕ್ಕಿಂತ ಇದನ್ನೇ ನೆನಪಿಟ್ಟುಕೊಂಡಿದ್ದಾರೆ.

ಮುಚ್ಚಳ ಇರುವ ಎರಡು ಸಣ್ಣ ಗಾಜಿನ ಬಾಟಲಿ ತೆಗೆದುಕೊಳ್ಳಿ. ಟಾನಿಕ್ಕಿನ ಖಾಲಿ ಬಾಟಲಿ ಆದರೂ ಆಗುತ್ತದೆ, ಬಿಸಿನೀರಲ್ಲಿ ತೊಳೆದು ಒಣಗಿಸಿರಬೇಕು. ಎರಡರಲ್ಲೂ ನಿಮ್ಮದೇ ಜೊಲ್ಲು ಒಂದೊಂದು ಚಮಚ. ಬೇರೆಯವರದ್ದು ಬೇಡವೇ ಬೇಡ. ಎರಡನೆಯದಕ್ಕೆ ಒಂದು ಚಿಟಿಕೆ ಸಕ್ಕರೆ ಹಾಕಿ ಅಲ್ಲಾಡಿಸಿ. ಮುಚ್ಚಿ, ಬೆಚ್ಚಗಿನ ಜಾಗದಲ್ಲಿ ಒಂದು ದಿನ ಬಿಡಿ. ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ಬೆಚ್ಚಗಿನ ಜಾಗ ಹುಡುಕುವ ಕಷ್ಟ ಇಲ್ಲ, ಕಿಟಕಿ ಪಕ್ಕ ಸಾಕು.

ಮಾರನೆಯ ದಿನ ಮೊದಲು ಎಳೆ ನೋಡಿ, ಕಡ್ಡಿಯಲ್ಲಿ ಎತ್ತಿ. ನಾನು ಇಟ್ಟ ಬಾಟಲಿಯಲ್ಲಿ ಎಳೆಯೇ ಇರಲಿಲ್ಲ, ಗಂಜಿಯ ತಿಳಿಯ ಹಾಗೆ ತೊಟ್ಟಿಕ್ಕಿತು. ಸಿಪ್ಪೆ, ಕಾಳು ಎರಡೂ ಹೋಗಿವೆ ಅನ್ನುವುದಕ್ಕೆ ಅದೇ ಸಾಕ್ಷಿ. ಆಮೇಲೆ ಮೂಗು ಹತ್ತಿರ ತರದೆ, ಕೈಯಲ್ಲಿ ಗಾಳಿ ಬೀಸಿ ವಾಸನೆ ನೋಡಿ. ಸಕ್ಕರೆ ಇಲ್ಲದ್ದು ನಾರುತ್ತಿತ್ತು. ಸಕ್ಕರೆ ಹಾಕಿದ್ದರಲ್ಲಿ ನಾತ ಕಡಿಮೆ, ಹುಳಿ ವಾಸನೆ ಜಾಸ್ತಿ. ಕೊನೆಗೆ ಕೆಂಪು ದಾಸವಾಳದ ಎಸಳನ್ನು ಬಿಸಿನೀರಲ್ಲಿ ನೆನೆಸಿ ಬಣ್ಣ ಬಿಡಿಸಿ ಎರಡಕ್ಕೂ ನಾಲ್ಕು ಹನಿ ಹಾಕಿದೆ. ಹುಳಿ ಇರುವ ಕಡೆ ಈ ಬಣ್ಣ ಗುಲಾಬಿಗೆ ತಿರುಗುತ್ತದೆ. ಸಕ್ಕರೆ ಬಾಟಲಿ ಹಾಗೇ ತಿರುಗಿತು. ಇನ್ನೊಂದು ಮಂಕಾಗಿ ಉಳಿಯಿತು.

ಇದನ್ನು ನೋಡಿ ಒಬ್ಬ ಹುಡುಗ, "ಹಂಗಾದ್ರೆ ಸಾರ್, ಸಕ್ಕರೆ ತಿಂದ್ರೆ ವಾಸನೆ ಬರಲ್ಲ ಅಲ್ವಾ?" ಅಂದ. ಪ್ರಶ್ನೆ ಚೆನ್ನಾಗಿದೆ, ಸಲಹೆಯಾಗಿ ಮಾತ್ರ ಕೆಟ್ಟದ್ದು. ಬಿಟ್ಟಿ ಸಕ್ಕರೆ ಸಿಕ್ಕಿದ ಕೂಡಲೇ ಬ್ಯಾಕ್ಟೀರಿಯಾ ಅದನ್ನೇ ಮೊದಲು ತಿನ್ನುತ್ತವೆ. ತೆನೆ ಬಿಡಿಸುವ ಕಷ್ಟ ಯಾರಿಗೆ ಬೇಕು? ಆದರೆ ಬೇಗ ತಿಂದಷ್ಟೂ ಬೇಗ ಆಮ್ಲ. ಪಿಎಚ್ ಅಂದರೆ ಹುಳಿಯ ಅಳತೆ, ಇಳಿದಷ್ಟೂ ಹುಳಿ ಜಾಸ್ತಿ. ಹಲ್ಲಿನ ಹತ್ತಿರ ಅದು 5.5ಕ್ಕಿಂತ ಕೆಳಗೆ ಇಳಿದರೆ ಹಲ್ಲಿನ ಮೇಲಿನ ಗಟ್ಟಿ ಪದರ, ಎನಾಮಲ್, ಕರಗಲು ಶುರು. ಜೊಲ್ಲಿನ ಸಕ್ಕರೆ ಹಾಗಲ್ಲ. ಅದನ್ನು ಕತ್ತರಿಸುವುದೇ ನಿಧಾನ, ಆಮ್ಲವೂ ಚೂರು ಚೂರೇ ಬರುತ್ತದೆ, ಜೊಲ್ಲೇ ಅದನ್ನು ತೊಳೆದು ಹಾಕುತ್ತದೆ. ಹಲ್ಲು ಹುಳುಕು ಮಾಡುವುದರಲ್ಲಿ ಹೆಸರಾದ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್‌ಗೆ ಸಯಾಲಿಕ್ ಆಮ್ಲದ ಕತ್ತರಿಯೇ ಇಲ್ಲ. ಅದು ನಿಮ್ಮ ಟೀ, ಜಿಲೇಬಿಗೆ ಕಾಯುತ್ತಾ ಕೂತಿರುತ್ತದೆ.

ಬಾಟಲಿಗಳನ್ನು ಬ್ಲೀಚಿಂಗ್ ನೀರು ಹಾಕಿ ಚೆಲ್ಲಿ, ಕೈ ಸೋಪಲ್ಲಿ ತೊಳೆಯಿರಿ.

ನಾಲಿಗೆ: ಇಲ್ಲಿಂದ ಶುರು ಮಾಡಿ

ಮನೆಯಲ್ಲಿ ಮಾಡುವ ಕೆಲಸಗಳಲ್ಲಿ ನಾತಕ್ಕೆ ಬೇಗ ಫಲ ಕೊಡುವುದು ಇದೊಂದೇ ಅಂತ ನನ್ನ ಅನುಭವ. ಆದರೆ ನಾವು ಅದನ್ನು ಅರ್ಧ ಮಾಡುತ್ತೇವೆ. ನಾಲಿಗೆಯ ಮುಂಭಾಗ ಕೆರೆದು, ಎರಡು ಸಲ ಓಕರಿಸಿ, ಬೀದಿಗೆಲ್ಲ ಕೇಳುವ ಹಾಗೆ ಕ್ಯಾಕರಿಸಿ ಮುಗಿಸುತ್ತೇವೆ. ಮುಂಭಾಗ ಹೇಗೂ ಹಲ್ಲಿಗೆ, ಅನ್ನಕ್ಕೆ ಉಜ್ಜಿ ಶುದ್ಧ ಆಗುತ್ತಿರುತ್ತದೆ. ಕೊಳೆ ಇರುವುದು ಹಿಂದೆ.

ನಂಬಿಕೆ ಇಲ್ಲದಿದ್ದರೆ ಒಂದು ಸ್ಟೀಲ್ ಚಮಚ ತಿರುಗಿಸಿ ಹಿಡಿದು, ನಾಲಿಗೆಯ ಹಿಂಭಾಗದಿಂದ ಒಂದು ಸಲ ಮೆಲ್ಲಗೆ ಎಳೆಯಿರಿ. ಬಿಳಿ ಅಥವಾ ಹಳದಿ ಲೋಳೆ ಬರುತ್ತದೆ. ಅರ್ಧ ನಿಮಿಷ ಬಿಟ್ಟು ಮೂಸಿ. ಎದುರಿಗಿರುವವರಿಗೆ ಬರುವ ವಾಸನೆ ಬಹಳ ಮಟ್ಟಿಗೆ ಅದೇ.

ತಾಮ್ರದ್ದೋ ಸ್ಟೀಲಿನದ್ದೋ ನಾಲಿಗೆ ಕೆರೆಯುವ ಪಟ್ಟಿ ಇದ್ದರೆ ಸಾಕು. ನಾಲಿಗೆ ಪೂರ್ತಿ ಹೊರಗೆ ಚಾಚಿ. ಬಾಯಲ್ಲಿ ಉಸಿರು ಬಿಡುತ್ತಾ ಮಾಡಿದರೆ ಓಕರಿಕೆ ಕಡಿಮೆ. ಹಿಂದಿನಿಂದ ಮುಂದಕ್ಕೆ ಮೂರು ನಾಲ್ಕು ಸಲ, ಪ್ರತಿ ಸಲ ಪಟ್ಟಿ ತೊಳೆಯುತ್ತಾ. ರಕ್ತ ಬರುವಷ್ಟು ಕೆರೆಯಬೇಡಿ. ಅಲ್ಲಿರುವ ಬ್ಯಾಕ್ಟೀರಿಯಾ ಎಲ್ಲವೂ ಶತ್ರುಗಳಲ್ಲ. ಸೊಪ್ಪಿನಲ್ಲಿರುವ ನೈಟ್ರೇಟನ್ನು ನೈಟ್ರೈಟ್ ಮಾಡಿ ರಕ್ತನಾಳ ಸಡಿಲ ಇರುವುದಕ್ಕೆ ನೆರವಾಗುವವೂ ಅಲ್ಲೇ ಇವೆ.

ರಾತ್ರಿ ಬ್ರಷ್: ಬೆಳಗಿನದ್ದಕ್ಕಿಂತ ಇದು ಮುಖ್ಯ

ದಿನಕ್ಕೆ ಸುಮಾರು ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಬರುತ್ತದೆ. ನಿದ್ದೆಯಲ್ಲಿ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಹರಿಯುವ ಹಳ್ಳ ಮತ್ತು ಬೇಸಿಗೆಯ ಗುಂಡಿ ನೀರು, ಅಷ್ಟು ವ್ಯತ್ಯಾಸ. ಹರಿಯದ ಜೊಲ್ಲಿನಲ್ಲಿ ಕತ್ತರಿ ಕೆಲಸ ಆರೇಳು ಗಂಟೆ ಅಡ್ಡಿ ಇಲ್ಲದೆ ನಡೆಯುತ್ತದೆ. ಬಾಯಿ ತೆರೆದು ಮಲಗುವವರಿಗೆ ಇನ್ನೂ ಜಾಸ್ತಿ. ಬೆಳಗಿನ ನಾತಕ್ಕೆ ರಾತ್ರಿಯ ಬೆಳ್ಳುಳ್ಳಿ ಚಟ್ನಿಯನ್ನೇ ಬೈಯುವುದು ಅನ್ಯಾಯ.

ರಾತ್ರಿ ಊಟ ಆದ ಮೇಲೆ ಎರಡು ನಿಮಿಷ ಬ್ರಷ್, ಹಲ್ಲಿನ ಸಂದಿಗೆ ದಾರ ಅಥವಾ ಸಂದಿಯ ಸಣ್ಣ ಬ್ರಷ್, ನಾಲಿಗೆ. ಪೇಸ್ಟ್ ಉಗಿದ ಮೇಲೆ ಬಕೆಟ್ ನೀರಲ್ಲಿ ಮುಕ್ಕಳಿಸಬೇಡಿ, ಹುಳುಕಿನಿಂದ ಹಲ್ಲು ಕಾಯುವ ಫ್ಲೋರೈಡ್ ಎಲ್ಲ ತೊಳೆದು ಹೋಗುತ್ತದೆ. ಆಮೇಲೆ ನೀರು ಬಿಟ್ಟು ಏನೂ ಬೇಡ. ಹಾಲೂ ಬೇಡ. ಇಟ್ಟಿಗೆ ಪುಡಿ, ಇದ್ದಿಲು ಬಿಟ್ಟುಬಿಡಿ, ಎನಾಮಲ್ ಸವೆಯುತ್ತದೆ.

ಫ್ಲೋರೈಡ್ ಅಂದ ಕೂಡಲೇ ನಮ್ಮ ಕಡೆಯವರಿಗೆ ಒಂದು ಮಾತು ಹೇಳಲೇಬೇಕು. ಜಗಳೂರು, ಚಳ್ಳಕೆರೆ, ಹಿರಿಯೂರು ಕಡೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿಗೆ ಲೀಟರಿಗೆ 1.5 ಮಿಲಿಗ್ರಾಂ ಮೇಲಿನ ಮಿತಿ. ಅದನ್ನು ಮೀರಿದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಸುಣ್ಣದ ಗೆರೆ, ಕಂದು ಕಲೆ ಕಾಣುತ್ತದೆ. ಅದು ಬ್ಯಾಕ್ಟೀರಿಯಾದ ಕೊಳೆ ಅಲ್ಲ. ಹಲ್ಲು ದವಡೆಯೊಳಗೆ ಬೆಳೆಯುವಾಗಲೇ ಆದದ್ದು. ಎಷ್ಟು ತಿಕ್ಕಿದರೂ ಹೋಗುವುದಿಲ್ಲ, ಅದಕ್ಕಾಗಿ ಮಗುವನ್ನು ಬೈಯಬೇಡಿ. ಅಂಥ ಊರಲ್ಲಿ ಕುಡಿಯಲು, ಅಡುಗೆಗೆ ಶುದ್ಧ ನೀರಿನ ಘಟಕದ ನೀರು ಬಳಸಿ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರು ವರ್ಷದವರೆಗೆ ಬಟಾಣಿಯಷ್ಟು ಪೇಸ್ಟ್. ನುಂಗದಂತೆ ಪಕ್ಕದಲ್ಲಿ ನಿಲ್ಲಿ. ನಿಮ್ಮ ಊರಿನ ನೀರಿಗೆ ಯಾವ ಪೇಸ್ಟ್ ಅಂತ ದಂತವೈದ್ಯರನ್ನೇ ಕೇಳಿಬಿಡಿ.

ಹಗಲು: ಜೊಲ್ಲು ಹರಿಯಲಿ

ಜಗಿದರೆ ಜೊಲ್ಲು ಬರುತ್ತದೆ. ಸೌತೆಕಾಯಿ, ಗಜ್ಜರಿ, ಪೇರಲ, ಸಕ್ಕರೆ ಲೇಪ ಇಲ್ಲದ ಸೋಂಪು. ತರಗತಿಯಲ್ಲಿ ನಾಲ್ಕು ಗಂಟೆ ಮಾತಾಡಿದರೆ ನನ್ನ ಬಾಯಿ ಒಣಗಿ ಹಲಗೆ ಆಗುತ್ತದೆ. ಅದಕ್ಕೆ ನೀರಿನ ಬಾಟಲಿ ಮೇಜಿನ ಮೇಲೇ ಇರುತ್ತದೆ. ಬಿಪಿ, ಅಲರ್ಜಿ, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿಂದ ಬಾಯಿ ಒಣಗುತ್ತದೆ. ಮಾತ್ರೆ ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟ ವೈದ್ಯರಿಗೆ ಹೇಳಿ. ಸಕ್ಕರೆ ಕಾಯಿಲೆಯಲ್ಲೂ ಹೀಗಾಗುತ್ತದೆ.

ಖಾರ ಮಂಡಕ್ಕಿ, ಮಿರ್ಚಿ ಬೇಡ ಅಂತ ಹೇಳಿ ಈ ಊರಲ್ಲಿ ಬದುಕುವ ಧೈರ್ಯ ನನಗಿಲ್ಲ. ಬೆಣ್ಣೆ ದೋಸೆಯೂ ತಿನ್ನಿ. ಮಂಡಕ್ಕಿ ದವಡೆ ಹಲ್ಲಿನ ಗುಂಡಿಗೆ ಅಂಟಿ ಕೂರುತ್ತದೆ, ತಿಂದ ಮೇಲೆ ನೀರು ಹಾಕಿ ಗಲಗಲ ಮುಕ್ಕಳಿಸಿ, ಅಷ್ಟೇ. ಕೆಡುಕು ಇರುವುದು ಬೈಟು ಟೀಯಲ್ಲಿ. ಅರ್ಧ ಲೋಟ ತಾನೇ ಅಂತ ದಿನಕ್ಕೆ ಆರು ಸಲ ಕುಡಿಯುತ್ತೇವೆ. ಪ್ರತಿ ಸಲ ಆಮ್ಲ ಏರಿ, ಮತ್ತೆ ಇಳಿಯಲು ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಆರು ಅರ್ಧ ಟೀಗಿಂತ ಎರಡು ಪೂರ್ತಿ ಟೀ ಹಲ್ಲಿಗೆ ವಾಸಿ.

ಎಲೆ ಅಡಿಕೆ ಹಾಕಿದರೂ ಜೊಲ್ಲು ಬರುತ್ತದಲ್ಲ ಅನ್ನುತ್ತಾರೆ. ಬರುತ್ತದೆ. ಅಡಿಕೆ ಬೆಳೆಯುವ ಚನ್ನಗಿರಿ ಕಡೆಯ ನೆಂಟರು ಬೇಜಾರು ಮಾಡಿಕೊಳ್ಳಬಾರದು, ಆದರೆ ಜಗಿಯುವ ಅಡಿಕೆ ತಂಬಾಕು ಇಲ್ಲದೆಯೂ ಬಾಯಿ ಕ್ಯಾನ್ಸರಿಗೆ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಪಟ್ಟಿಗೆ ಸೇರಿಸಿದೆ. ಗುಟ್ಕಾ ಬಗ್ಗೆ ಹೇಳುವುದೇ ಬೇಡ.

ಮೌತ್‌ವಾಶ್? ಕ್ಲೋರ್‌ಹೆಕ್ಸಿಡಿನ್ ಇರುವುದು ಬ್ಯಾಕ್ಟೀರಿಯಾ ಕೊಲ್ಲುತ್ತದೆ ನಿಜ. ಆದರೆ ವಾರಗಟ್ಟಲೆ ಬಳಸಿದರೆ ಹಲ್ಲಿಗೆ ಕಂದು ಕಲೆ, ನಾಲಿಗೆಗೆ ರುಚಿ ಕೆಡುವುದು. ವೈದ್ಯರು ಹೇಳಿದಷ್ಟು ದಿನ ಮಾತ್ರ. ಬ್ರಷ್ ಮಾಡಿದ ತಕ್ಷಣವೂ ಬೇಡ, ಪೇಸ್ಟಿನ ನೊರೆ ಅದರ ಕೆಲಸ ಕೆಡಿಸುತ್ತದೆ. ಅರ್ಧ ಗಂಟೆ ಬಿಡಿ.

ಉಪವಾಸದ ದಿನ

ಅವ್ವನಿಗೆ ನಾನು ಬರೆದುಕೊಟ್ಟದ್ದು ಇಷ್ಟು. ಹಿಂದಿನ ರಾತ್ರಿ ಬ್ರಷ್, ನಾಲಿಗೆ ತಪ್ಪಿಸಬೇಡ. ಬೆಳಗ್ಗೆ ಸ್ನಾನದ ಜೊತೆಗೆ ಮತ್ತೊಮ್ಮೆ. ನೀರು ಕುಡಿಯುವ ಉಪವಾಸ ಆದರೆ ಗುಟುಕು ಗುಟುಕಾಗಿ ದಿನವಿಡೀ ಕುಡಿ. ನೀರೂ ಮುಟ್ಟದ ಉಪವಾಸ ಆದರೆ ಎರಡು ಗಂಟೆಗೊಮ್ಮೆ ಮುಕ್ಕಳಿಸಿ ಉಗಿ. "ಉಗುಳಿದ್ರೆ ವ್ರತ ಕೆಡಲ್ಲ ಬಿಡು" ಅಂತ ಅವಳೇ ತೀರ್ಮಾನ ಕೊಟ್ಟಳು. ಮಧ್ಯಾಹ್ನ ಒಂದು ಸಲ ನಾಲಿಗೆ ಕೆರೆ. ದೀಪ ಹಚ್ಚುವ ಹೊತ್ತಿಗೆ ಸೆರಗು ಹೆಗಲ ಮೇಲೇ ಉಳಿಯಿತು.

ಶಿವರಾತ್ರಿಯಂಥ ಉದ್ದ ಉಪವಾಸದಲ್ಲಿ ಇನ್ನೊಂದು ವಾಸನೆ ಬರುತ್ತದೆ, ಕಳಿತ ಹಣ್ಣಿನ ಥರ. ಮೈಯ ಕೊಬ್ಬು ಕರಗಿ ಕೀಟೋನ್ ಆಗಿ ಉಸಿರಲ್ಲಿ ಬರುವುದು ಅದು. ನಾಲಿಗೆ ಕೆರೆದರೆ ಹೋಗುವುದಿಲ್ಲ, ಊಟ ಮಾಡಿದರೆ ಹೋಗುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ಸುಮ್ನೆ ಇದ್ದಾಗಲೂ ಈ ವಾಸನೆ ಬಂದರೆ, ಸುಸ್ತು ವಾಂತಿ ಜೊತೆಗಿದ್ದರೆ, ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಯಾವಾಗ ವೈದ್ಯರ ಹತ್ತಿರ

ಹದಿನೈದು ದಿನ ಇಷ್ಟೆಲ್ಲ ಮಾಡಿಯೂ ನಾತ ಹೋಗದಿದ್ದರೆ, ಒಸಡಿನಲ್ಲಿ ರಕ್ತ ಬಂದರೆ, ಹಲ್ಲು ಅಲ್ಲಾಡಿದರೆ, ಹೋಗಲೇಬೇಕು. ಒಸಡಿನ ಕೆಳಗೆ ಗಟ್ಟಿ ಪಾಚಿ ಕೂತಿದ್ದರೆ ನಿಮ್ಮ ಬ್ರಷ್ ಅಲ್ಲಿಗೆ ತಲುಪುವುದೇ ಇಲ್ಲ, ಕ್ಲೀನಿಂಗ್ ಮಾಡಿಸಬೇಕು. ಕ್ಲೀನಿಂಗಿನಿಂದ ಹಲ್ಲು ಸಡಿಲ ಆಗುತ್ತದೆ ಅನ್ನುವುದು ಸುಳ್ಳು. ಸಡಿಲ ಆಗಿದ್ದ ಹಲ್ಲನ್ನು ಪಾಚಿ ಹಿಡಿದಿಟ್ಟಿರುತ್ತದೆ, ಅದು ಹೋದಾಗ ಗೊತ್ತಾಗುತ್ತದೆ ಅಷ್ಟೇ. ದಾವಣಗೆರೆಯಲ್ಲಿ ಬಾಪೂಜಿ ದಂತ ಕಾಲೇಜಿನಂಥ ಕಾಲೇಜು ಆಸ್ಪತ್ರೆಗಳು ಇವೆ. ಖಾಸಗಿ ಕ್ಲಿನಿಕ್ಕಿನ ಖರ್ಚಿಗೆ ಹೆದರುವವರು ಅಲ್ಲಿ ವಿಚಾರಿಸಬಹುದು.

ಹೊಟ್ಟೆಯಿಂದ ಬರುವ ವಾಸನೆ ಅಂತ ಮೊದಲೇ ತೀರ್ಮಾನ ಮಾಡಬೇಡಿ. ಹೆಚ್ಚಿನ ಪಾಲು ಬಾಯಿಂದಲೇ ಬರುತ್ತದೆ. ನಾನೇ ಹಿಂದೊಮ್ಮೆ ಒಂದು ಕ್ಲಿನಿಕ್ಕಿನಲ್ಲಿ ಮೂರು ತಿಂಗಳು ಗ್ಯಾಸಿನ ಮಾತ್ರೆ ನುಂಗಿದೆ. ಬಾಯಿ ತೆರೆಸಿ ಯಾರೂ ನೋಡಲೇ ಇಲ್ಲ. ಕೊನೆಗೆ ನೋಡಿದರೆ ಬುದ್ಧಿಹಲ್ಲಿನ ಹಿಂದೆ ಒಸಡಿನ ಮಡಿಕೆಯಲ್ಲಿ ಕೊಳೆ ಸೇರಿಕೊಂಡಿತ್ತು.

ಹೋಗುವ ದಿನ ಮೌತ್‌ವಾಶ್, ಏಲಕ್ಕಿ, ಪೆಪ್ಪರ್‌ಮೆಂಟು ಬೇಡ. ವಾಸನೆ ಇದ್ದ ಹಾಗೇ ಇರಲಿ, ವೈದ್ಯರಿಗೆ ಅದೇ ಬೇಕು. ಬೆಳ್ಳುಳ್ಳಿ, ಈರುಳ್ಳಿಯನ್ನು ಹಿಂದಿನ ದಿನದಿಂದಲೇ ಬಿಡಿ. ನುಂಗುವ ಮಾತ್ರೆಗಳ ಚೀಟಿ ಒಯ್ಯಿರಿ. ದಿನದ ಯಾವ ಹೊತ್ತಿನಲ್ಲಿ ವಾಸನೆ ಜಾಸ್ತಿ ಅಂತ ಮನೆಯಲ್ಲಿ ಒಬ್ಬರನ್ನು ಕೇಳಿಕೊಂಡು ಹೋಗಿ. ನಮ್ಮ ಬಾಯಿ ನಮಗೆ ಸರಿಯಾಗಿ ಗೊತ್ತಾಗುವುದಿಲ್ಲ, ಮೂಗು ಅದಕ್ಕೆ ಒಗ್ಗಿಹೋಗಿರುತ್ತದೆ.